ಬಾಗಿಲ ಮೇಲಿನ ಯಶೋದಮ್ಮ

ನಮ್ಮ ಬೀದಿಯ ಕನಕರಾಜ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕಥೆ ಅರ್ಧಕ್ಕೆ ಬಂದಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಕುಡುಮಲಕುಂಟೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ನಟ್ಟು ಬೋಲ್ಟು ಕೊಡುವುದು, ಮಿಕ್ಕಿದ್ದನ್ನು ವಾಪಸ್ ಇಸಿದುಕೊಳ್ಳುವುದು, ಸಂಜೆ ಗೌರಿಬಿದನೂರಿನ ಮನೆಗೆ ಬಂದು ಕಾಫಿ ಕುಡಿಯುವುದು. ಯಾರ ತಂಟೆಗೂ ಹೋದವನಲ್ಲ. ಅಂಥವನಿಗೆ ನಲವತ್ತು ದಾಟಿದಮೇಲೆ ಒಂದು ಹವ್ಯಾಸ ಅಂಟಿಕೊಂಡಿತು. ಆ ವಯಸ್ಸಿನಲ್ಲಿ ಕೆಲವರಿಗೆ ಇಸ್ಪೀಟು ಅಂಟಿಕೊಳ್ಳುತ್ತದೆ, ಕೆಲವರಿಗೆ ರಾಜಕೀಯ. ಕನಕರಾಜನಿಗೆ ಕಾರು ಉಜ್ಜುವುದು ಅಂಟಿಕೊಂಡಿತು.

ತೊಳೆಯುವುದು ಅಂತ ಬಾಯಿತಪ್ಪಿ ಅಂದಿರೋ, ಅವನಿಗೆ ಸಿಟ್ಟು ಬರುತ್ತದೆ. "ತೊಳೆಯೋದಲ್ಲ ಕೃಷ್ಣಮೂರ್ತಣ್ಣ, ಇದು ಡೀಟೇಲಿಂಗ್" ಅನ್ನುತ್ತಾನೆ. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತನಾದವನು. ಡಿಪೋದಲ್ಲಿ ಬಸ್ಸಿಗೆ ಪೈಪಿನಿಂದ ನೀರು ಬಿಟ್ಟು ಪೊರಕೆಯಲ್ಲಿ ನಾಲ್ಕು ಸಲ ಎಳೆದು ಕಳಿಸುವುದನ್ನು ಸರ್ವೀಸ್ ಪೂರ್ತಿ ನೋಡಿದ್ದೇನೆ. ಆ ಬಸ್ಸುಗಳು ಚಿಂತಾಮಣಿಗೆ ಹೋದವು, ಬಂದವು. ಒಂದು ಬಸ್ಸೂ ತನಗೆ ಡೀಟೇಲಿಂಗ್ ಆಗಿಲ್ಲ ಅಂತ ದಾರಿಯಲ್ಲಿ ನಿಂತುಕೊಳ್ಳಲಿಲ್ಲ.

ಕನಕರಾಜನ ಗುರು ಫೋನು. ಅದರಲ್ಲಿ ಯಾರೋ ಕೈಗೆ ಗ್ಲೌಸು ಹಾಕಿಕೊಂಡು ಕಾರಿಗೆ ನೊರೆ ಹಚ್ಚುತ್ತಿದ್ದರೆ ಇವನು ಊಟದ ತಟ್ಟೆಯ ಮುಂದೆ ಬಾಯಿ ತೆರೆದುಕೊಂಡು ಕೂತಿರುತ್ತಿದ್ದ. ಭಾನುವಾರ ಬಂತೆಂದರೆ ಗೇಟಿನೊಳಗೆ ಎರಡು ಬಕೆಟ್ಟು. ಒಂದು ಸೋಪಿನ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಒಂದರ ಬಟ್ಟೆ ಇನ್ನೊಂದರಲ್ಲಿ ಬೀಳುವ ಹಾಗಿಲ್ಲ. ನಮ್ಮಜ್ಜಿಯ ಮಡಿಯೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಆಮೇಲೆ ಬಣ್ಣದೊಳಗಿನ ಧೂಳು ಎಳೆಯುವುದಕ್ಕೆ ಜೇಡಿಮಣ್ಣಿನಂಥ ಒಂದು ಉಂಡೆ. ಅವನ ಹೆಂಡತಿ ಶೋಭಾರಾಣಿ ಅದನ್ನು ಒಂದು ಸಲ ಮಿಕ್ಕ ಚಪಾತಿ ಹಿಟ್ಟೆಂದು ಫ್ರಿಜ್ಜಿನಲ್ಲಿಟ್ಟಿದ್ದಳು. ಉಂಡೆ ಆದಮೇಲೆ ಗೀರು ತೆಗೆಯುವ ಕಾಂಪೌಂಡು, ಅದರ ಮೇಲೆ ಪಾಲಿಶ್, ಅದರ ಮೇಲೆ ವ್ಯಾಕ್ಸು. ಎಲ್ಲದಕ್ಕೂ ಬೇರೆ ಬೇರೆ ಬಣ್ಣದ ಮೆತ್ತನೆ ಬಟ್ಟೆ.

"ನಲ್ಲೀಲಿ ನೀರು ಬಂದು ವಾರ ಆಯ್ತು, ಕಾರಿಗೆ ಇವತ್ತು ಎಣ್ಣೆಸ್ನಾನಾನಾ?" ಅಂತ ಪಕ್ಕದ ಮನೆ ಗಂಗುಲಮ್ಮ ಕಾಂಪೌಂಡ್ ಗೋಡೆ ಮೇಲಿಂದ ಕೇಳುತ್ತಿದ್ದಳು. ಅವಳ ದಿನದ ಮುಕ್ಕಾಲು ಪಾಲು ಆ ಗೋಡೆಯ ಮೇಲೇ ಕಳೆಯುವುದು. ಕನಕರಾಜ್ ಉತ್ತರ ಕೊಡುತ್ತಿರಲಿಲ್ಲ. ವ್ಯಾಕ್ಸ್ ಹಚ್ಚುವಾಗ ಮಾತಾಡಿದರೆ ಎಂಜಲು ಹಾರುತ್ತದಂತೆ.

ಇಷ್ಟೆಲ್ಲ ಮಾಡಿದರೂ ಒಂದು ಕೊರಗು ಉಳಿದಿತ್ತು. ಅದು ಡ್ರೈವರ್ ಬಾಗಿಲ ಮೇಲಿತ್ತು.

ಆ ಕೆಂಪು ಕಾರು ಅವನು ಕೊಂಡದ್ದಲ್ಲ. ಮನೆ ಗೃಹಪ್ರವೇಶವಾದಾಗ ನಗರಗೆರೆಯ ಮಾವ ಚೆನ್ನರಾಯಪ್ಪ ಕೊಡಿಸಿದರು ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಕೊಡಿಸಿದ್ದು ಅತ್ತೆ ಯಶೋದಮ್ಮ. ಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ವರ್ಷಗಟ್ಟಲೆ ಕೂಡಿಟ್ಟು ಕೊಡಿಸಿದ ಕಾರು. ಯಶೋದಮ್ಮನವರ ಮನೆಯಿಂದ ಹೆಸರು ಹಾಕಿಸದೆ ಒಂದು ಚಮಚವೂ ಹೊರಗೆ ಹೋಗುವುದಿಲ್ಲ. ಲೋಟ, ತಟ್ಟೆ, ಕೊಳಗ, ಕೊನೆಗೆ ಜಾಲರಿ ಸೌಟಿನ ಹಿಡಿಯ ಮೇಲೂ ಚುಕ್ಕಿ ಚುಕ್ಕಿ ಅಕ್ಷರದಲ್ಲಿ 'ಯಶೋದಮ್ಮ ಚೆನ್ನರಾಯಪ್ಪ, ನಗರಗೆರೆ' ಅಂತ ಇರುತ್ತದೆ. ಕಾರು ಬಂದ ದಿನ ಅವರು ಪೂಜೆ ಮಾಡಿಸಿ ನೇರವಾಗಿ ಬಜಾರಿನ ಪಾತ್ರೆ ಅಂಗಡಿಗೆ ಹೊಡೆಸಿದರು. ಹೆಸರು ಬರೆಯುವ ಮಿಷನ್ನಿನವನು ಹೊರಗೆ ಬಂದು ನೋಡಿ, "ಅಮ್ಮಾ, ಇದು ಕಾರು" ಅಂದ.

"ಸ್ಟೀಲೇ ತಾನೆ?" ಅಂದರು ಯಶೋದಮ್ಮ.

ಅವನು ಮಿಷನ್ನಿನ ವೈರು ಹೊರಗೆ ಎಳೆದ. ಗರ್ರ್ ಅಂತ ಮಿಷನ್ ಓಡಿಸಿ, ಡ್ರೈವರ್ ಬಾಗಿಲ ಹಿಡಿಯ ಕೆಳಗೆ 'ಯಶೋದಮ್ಮ ಚೆನ್ನರಾಯಪ್ಪ, ನಗರಗೆರೆ. ಮಗಳು ಶೋಭಾರಾಣಿಗೆ' ಅಂತ ಬರೆದುಕೊಟ್ಟ. ಅಳಿಯನ ಹೆಸರಿಗೆ ಜಾಗ ಸಾಲಲಿಲ್ಲ.

ಅಲ್ಲಿಂದೀಚೆಗೆ ಕಾರ್ಖಾನೆಯಲ್ಲಿ ಆ ಕಾರಿಗೆ ಯಶೋದಮ್ಮ ಅಂತಲೇ ಹೆಸರು. "ಸಾರ್, ಯಶೋದಮ್ಮನ್ನ ಸ್ವಲ್ಪ ಪಕ್ಕಕ್ಕೆ ನಿಲ್ಸಿ, ಲಾರಿ ಬರ್ತಿದೆ" ಅಂತ ಗೇಟಿನವನು ಕೂಗುವುದು. "ಯಶೋದಮ್ಮನಿಗೆ ಪೆಟ್ರೋಲ್ ಹಾಕಿಸಿದ್ರಾ?" ಅಂತ ಮ್ಯಾನೇಜರ್ ಕೇಳುವುದು. ಒಂದು ದಿನ ಟೈರ್ ಪಂಚರ್ ಆಗಿ ತಡವಾದಾಗ, ಯಶೋದಮ್ಮನಿಗೆ ಕಾಲುನೋವಂತೆ ಅಂತ ಇಡೀ ಕ್ಯಾಂಟೀನು ನಕ್ಕಿತು. ಕನಕರಾಜ್ ಎಲ್ಲವನ್ನೂ ನುಂಗಿಕೊಂಡಿದ್ದ. ಆದರೆ ಗೀರು ತೆಗೆಯುವ ವಿದ್ಯೆ ಕೈಗೆ ಬಂದಮೇಲೆ ಮನುಷ್ಯ ಎಷ್ಟು ದಿನ ನುಂಗಿಕೊಂಡಿರುತ್ತಾನೆ?

ಅವಕಾಶವೂ ಬಂತು. ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಡ್ರಾಪ್ಸ್ ಹಾಕಲು ಶೋಭಾರಾಣಿ ನಗರಗೆರೆಗೆ ಹೋದಳು. ಆ ಭಾನುವಾರ ಕನಕರಾಜ್ ಬಾಗಿಲ ಮುಂದೆ ಮಣೆ ಹಾಕಿಕೊಂಡು ಕೂತ. ಚುಕ್ಕಿಗಳಿಗೆ ಸಣ್ಣ ಕುಂಚದಲ್ಲಿ ಕೆಂಪು ಬಣ್ಣ ತುಂಬಿದ, ಒಣಗಿಸಿದ, ನೀರು ಹಚ್ಚಿದ ಉಪ್ಪುಕಾಗದದಲ್ಲಿ ತಿಕ್ಕಿದ, ಕಾಂಪೌಂಡಿನಲ್ಲಿ ಉಜ್ಜಿದ. ಸಂಜೆ ನಾನು ಹಾಲು ತರಲು ಹೊರಟಾಗ ಬಾಗಿಲು ಕನ್ನಡಿಯಂತಿತ್ತು.

"ಏನಯ್ಯಾ, ಅತ್ತೇನ ಅಳಿಸಿಬಿಟ್ಟೆಯಾ?" ಅಂದೆ.

"ಸ್ಕ್ರಾಚ್ ರಿಪೇರಿ ಅಣ್ಣ" ಅಂದ, ಬೇರೆ ಕಡೆ ನೋಡುತ್ತ.

ಅಷ್ಟರಲ್ಲಿ ಗಂಗುಲಮ್ಮ ಗೋಡೆ ಮೇಲೆ ಬಂದಳು. "ಏನಪ್ಪಾ ಕನಕರಾಜು, ಹೊಸ ಕಾರಾ? ಸ್ವೀಟ್ ಎಲ್ಲಿ?" ಅಂದಳು. ಇಲ್ಲ ಅನ್ನಬೇಕಿತ್ತು. ಆದರೆ ಸ್ವಂತ ಕೈಕೆಲಸಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರಿಗೆ ಸಿಗುತ್ತದೆ? ಅವನು ಸುಮ್ಮನೆ ನಕ್ಕ. ಮಾರನೆಯ ದಿನ ಗಂಗುಲಮ್ಮನ ಮನೆಗೆ ಮೈಸೂರುಪಾಕೂ ಹೋಯಿತು.

ಶೋಭಾರಾಣಿ ವಾಪಸ್ ಬಂದು ಕಾರು ನೋಡಿ "ಚೆನ್ನಾಗಿ ಹೊಳೀತಿದೆ ರೀ" ಅಂದಳು. ಬಾಗಿಲ ಕಡೆ ಅವಳ ಗಮನ ಹೋಗಲಿಲ್ಲ. ದಿನಾ ಉಣ್ಣುವ ತಟ್ಟೆಯ ಮೇಲಿನ ಹೆಸರನ್ನು ಯಾರು ಓದುತ್ತಾರೆ? ಇಬ್ಬರೂ ಅದೇ ಕಾರಿನಲ್ಲಿ ಚಿಂತಾಮಣಿಯ ಒಂದು ಛತ್ರಕ್ಕೆ ಮದುವೆಗೆ ಹೋಗಿ ಉಂಡು ಬಂದರು. ಅದಾದ ವಾರಕ್ಕೆ ಅತ್ತೆ ಮಾವ ನಗರಗೆರೆಯಿಂದ ಬಸ್ಸಿನಲ್ಲಿ ಬಂದಿಳಿದರು. ನಾನೂ ಆಗ ಕನಕರಾಜನ ಗೇಟಿನ ಹತ್ತಿರವೇ ಇದ್ದೆ.

ಯಶೋದಮ್ಮನವರು ಗೇಟಿನೊಳಗೆ ಕಾಲಿಟ್ಟವರು ಅಲ್ಲೇ ನಿಂತರು. ಕಪ್ಪು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ತನ್ನ ಕೆಲಸ ಮೆಚ್ಚಿ ಪ್ರದಕ್ಷಿಣೆ ಹಾಕುತ್ತಿದ್ದಾರೆ ಅಂತ ಕನಕರಾಜ್ ಒಳಗೊಳಗೇ ಹಿಗ್ಗಿದ. ಡ್ರೈವರ್ ಬಾಗಿಲಿಗೆ ಬಂದಾಗ ಅವರು ಬಗ್ಗಿದರು. ಬೆರಳಿನಿಂದ ತಡವಿದರು.

"ಶೋಭಾ, ಇದು ಯಾರ ಕಾರೇ?"

"ನಮ್ದೇ ಅಲ್ವೇನಮ್ಮ?"

"ನಮ್ದಲ್ಲ. ಹೆಸರಿಲ್ಲ."

"ಅತ್ತೆ, ಅದು ಏನಾಯ್ತು ಅಂದ್ರೆ..." ಅಂದ ಕನಕರಾಜ್. ಅವನ ವಾಕ್ಯಗಳು ಗಾಡಿ ಏರು ಹತ್ತಿದ ಹಾಗೆ, ನಿಧಾನ. ಅತ್ತೆಯ ವಾಕ್ಯ ಅಷ್ಟರಲ್ಲಿ ಊರು ದಾಟಿತ್ತು.

"ಹೋದ ವಾರ ಮದುವೆಗೆ ಹೋಗಿದ್ರಲ್ಲ? ಛತ್ರದಾಗೆ ಬದಲಾಗೈತೆ."

ನಗುವುದಕ್ಕೆ ಮುಂಚೆ ಯಶೋದಮ್ಮನವರ ಅನುಭವ ತಿಳಿದುಕೊಳ್ಳಿ. ಮದುವೆ ಅಡಿಗೆಮನೆಗೆ ನೆಂಟರ ಮನೆಗಳಿಂದ ಪಾತ್ರೆ ಹೋಗುತ್ತವೆ. ವಾಪಸ್ ಬರುವಾಗ ಇವರ ಕೊಳಗ ಅವರಿಗೆ, ಅವರ ತಪ್ಪಲೆ ಇವರಿಗೆ. ಅವರು ಆಯುಷ್ಯವಿಡೀ ಛತ್ರಗಳ ಹಿತ್ತಲಲ್ಲಿ ನಿಂತು ಪಾತ್ರೆ ತಿರುಗಿಸಿ ತಿರುಗಿಸಿ ಹೆಸರು ಓದಿ ತಮ್ಮದನ್ನು ಎತ್ತಿಕೊಂಡವರು. ಛತ್ರದಲ್ಲಿ ಸಾಲಾಗಿ ಇಟ್ಟ ವಸ್ತು ಯಾವುದಾದರೂ ಬದಲಾಗಬಹುದು, ಹೆಸರೊಂದೇ ಗುರುತು.

"ನಂಬರ್ ಅದೇ ಐತಲ್ಲೇ" ಅಂದರು ಚೆನ್ನರಾಯಪ್ಪ.

"ಮುಚ್ಚಳ ನಮ್ದಾದ್ರೆ ಪಾತ್ರೆ ನಮ್ದಾಗ್ತದಾ? ನಂಬರ್ ಪ್ಲೇಟು ಅದೇನು, ಎರಡು ಸ್ಕ್ರೂ."

ಚೆನ್ನರಾಯಪ್ಪ ಜಗಲಿಯ ಮೇಲೆ ಕೂತುಬಿಟ್ಟರು. ಮದುವೆಯಾದಾಗಿನಿಂದ ಅವರು ಇಂಥ ಮಾತಿಗೆ ಹೀಗೇ ಕೂರುವುದು.

"ಬೀಗದ ಕೈ ಹತ್ತುತ್ತಲ್ಲಮ್ಮ" ಅಂದಳು ಶೋಭಾರಾಣಿ.

"ನಮ್ಮ ಬೀರು ಬೀಗದ ಕೈಲಿ ಪಕ್ಕದ್ಮನೆ ಪೆದ್ದಮ್ಮನ ಬೀರು ತೆಗೀತದೆ. ನಾನೇ ತೆಗ್ದು ನೋಡಿದೀನಿ."

ಯಾಕೆ ತೆಗೆದು ನೋಡಿದಿರಿ ಅಂತ ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಗೋಡೆ ಮೇಲಿಂದ ಸಾಕ್ಷಿ ಬಂತು. "ಹೊಸ ಕಾರು ಅಂತ ಮೈಸೂರುಪಾಕ್ ಕಳಿಸಿದ್ರಲ್ಲಮ್ಮ! ನಾನು ಆವತ್ತೇ ಅಂದ್ಕಂಡೆ, ಇದು ಆ ಹಳೇ ಡಬ್ಬ ಅಲ್ಲ ಅಂತ" ಅಂದಳು ಗಂಗುಲಮ್ಮ. ಮೈಸೂರುಪಾಕು ಬಂದದ್ದು ಮದುವೆಗೆ ಮುಂಚೆ. ಆದರೆ ಸಾಕ್ಷಿ ಇಷ್ಟು ಜೋರಾಗಿ ಕೂಗುವಾಗ ಹಿಂದುಮುಂದು ನೋಡುವವರು ಯಾರು?

ಯಶೋದಮ್ಮನವರು ಅಳಿಯನ ಕಡೆ ತಿರುಗಿದರು. "ನನ್ನ ಹೆಸರಿರೋ ಕಾರನ್ನ ಯಾವನೋ ಓಡಿಸ್ಕಂಡು ತಿರುಗ್ತಾವ್ನೆ. ನೀನೇನಂತೀಯಪ್ಪ?"

ದೇವರು ಒಬ್ಬ ಮನುಷ್ಯನಿಗೆ ಸತ್ಯ ಹೇಳಲು ಇದಕ್ಕಿಂತ ಚೆನ್ನಾಗಿ ಅವಕಾಶ ಮಾಡಿಕೊಡುವುದಿಲ್ಲ. ಕನಕರಾಜ್ ಬಾನೆಟ್ ಮೇಲಿನ ಇಲ್ಲದ ಧೂಳು ಒರೆಸಿದ.

"ಇರಬಹುದು ಅತ್ತೆ. ಛತ್ರದಲ್ಲಿ ರಶ್ ಜಾಸ್ತಿ ಇತ್ತು" ಅಂದ.

ನನ್ನ ಕೈಲಿ ಸೀಟಿ ಇದ್ದಿದ್ದರೆ ಅಲ್ಲೇ ಊದಿ ನಿಲ್ಲಿಸುತ್ತಿದ್ದೆ.

ಆ ಕಾರನ್ನು ಹುಡುಕಲು ಅದೇ ಕಾರಿನಲ್ಲಿ ಚಿಂತಾಮಣಿಗೆ ಹೊರಟೆವು. ಕನಕರಾಜ್ ನನ್ನ ಕೈಹಿಡಿದು "ನೀವೂ ಬನ್ನಿ ಅಣ್ಣ, ನನಗೆ ಧೈರ್ಯ ಇಲ್ಲ" ಅಂದ. ಅವನು ಕರೆಯದಿದ್ದರೂ ನಾನು ಬರುವವನೇ. ಹಿಂದಿನ ಸೀಟಿನಲ್ಲಿ ಯಶೋದಮ್ಮ ಅಂಚಿನ ಮೇಲೆ ಕೂತಿದ್ದರು. "ಬೇರೆಯವರ ವಸ್ತು, ಮೆತ್ತಗೆ ಕೂತ್ಕಳ್ಳಿ" ಅಂತ ಗಂಡನ ಬಾಯಿಂದ ಎಲೆ ಅಡಿಕೆ ಉಗುಳಿಸಿ ಹತ್ತಿಸಿದ್ದರು.

ಚಿಕ್ಕಬಳ್ಳಾಪುರ ದಾಟಿದಮೇಲೆ ಶೋಭಾರಾಣಿ ಸೀಟಿನ ಸಂದಿಯಲ್ಲಿ ಕೈ ಹಾಕಿದಳು. ಹೋದ ತಿಂಗಳು ಕಳೆದುಹೋಗಿದ್ದ ಅವಳ ಹೇರ್ ಕ್ಲಿಪ್ಪು ಸಿಕ್ಕಿತು. ಅದನ್ನು ನೋಡಿದಳು, ಕನ್ನಡಿಯಲ್ಲಿ ಗಂಡನ ಮುಖ ನೋಡಿದಳು. ಕನಕರಾಜ್ ಜನ್ಮದಲ್ಲಿ ನೋಡದಷ್ಟು ಶ್ರದ್ಧೆಯಿಂದ ರಸ್ತೆ ನೋಡುತ್ತಿದ್ದ.

"ರೀ, ನಾನು ಊರಲ್ಲಿದ್ದಾಗ ನೀವು ಕಾರಿಗೆ ಏನೇನು ಮಾಡಿದ್ರಿ?"

"ಡ್ರೈವರ್ ಹತ್ರ ಮಾತಾಡಬಾರದು ಶೋಭಾ" ಅಂದ. ಅದು ನಮ್ಮ ಬಸ್ಸಿನಲ್ಲಿ ಬರೆದಿರುತ್ತಿದ್ದ ಮಾತು. ಇಂಥ ಕೆಲಸಕ್ಕೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ನೀವೇ ಹೇಳ್ತೀರೋ, ನಾನು ಹೇಳ್ಲೋ?" ಅಂತ ಅವಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಅವನು ಹಾರ್ನ್ ಮಾಡಿದ. ಮುಂದೆ ಯಾರೂ ಇರಲಿಲ್ಲ.

ಛತ್ರದ ಮ್ಯಾನೇಜರ್ ಬಯ್ಯಪ್ಪ ಗಂಭೀರ ಮನುಷ್ಯ. ಮದುವೆಗಳಲ್ಲಿ ಬಿಟ್ಟುಹೋದ ಪಾತ್ರೆಗಳಿಗೇ ಅಲ್ಲಿ ಒಂದು ಕೋಣೆ. ನಮ್ಮನ್ನು ಕಂಡೊಡನೆ ಅದರ ಬೀಗ ತೆಗೆಯುತ್ತ, "ಏನು ಕಳ್ಕಂಡ್ರಿ? ಕೊಳಗನಾ, ಜಾಲರಿನಾ?" ಅಂದ.

"ಕಾರು" ಅಂದರು ಯಶೋದಮ್ಮ.

"ಬಣ್ಣ?" ಅಂದ ಬಯ್ಯಪ್ಪ. ಹುಬ್ಬು ಕೂಡ ಅಲ್ಲಾಡಿಸಲಿಲ್ಲ.

ಅವರು ವಿಷಯ ಹೇಳಿದರು. ಬಯ್ಯಪ್ಪ ತಲೆಯಾಡಿಸುತ್ತ ಕೇಳಿದ. "ಆಗ್ತದಮ್ಮ, ಆಗ್ತದೆ. ಹೋದ ವರ್ಷ ಇಲ್ಲಿ ಒಂದು ಅಜ್ಜೀನೇ ಬದಲಾಗಿತ್ತು. ಕೈವಾರದ ಅಜ್ಜೀನ ಬೇರೆ ದಿಬ್ಬಣದ ಬಸ್ಸಿಗೆ ಹತ್ತಿಸ್ಬಿಟ್ಟಿದ್ರು. ಊರಿಗೆ ಹೋಗಿ ಊಟ ಬಡಿಸಿದ ಮೇಲೆ ಗೊತ್ತಾಯ್ತು, ಇದು ನಮ್ ಅಜ್ಜಿ ಅಲ್ಲ ಅಂತ. ಅದಕ್ಕೆ ಹೋಲಿಸಿದ್ರೆ ಕಾರು ಏನೂ ಅಲ್ಲ."

"ಅಜ್ಜಿ ಏನೂ ಹೇಳ್ಲಿಲ್ವಾ?" ಅಂತ ನಾನು ಕೇಳಿದೆ.

"ಕಿಟಕಿ ಪಕ್ಕ ಸೀಟು ಸಿಕ್ಕಿತ್ತು ಸಾರ್, ಸುಮ್ನಿದ್ರಂತೆ."

ಬಯ್ಯಪ್ಪನಿಗೆ ಎಲ್ಲ ನೆನಪಿತ್ತು. ಆವತ್ತು ಇದೇ ಕಂಪನಿಯ ಇನ್ನೊಂದು ಕೆಂಪು ಕಾರು ಪಕ್ಕದಲ್ಲೇ ನಿಂತಿತ್ತು. ಶಿಡ್ಲಘಟ್ಟದ ಮುನಿಶಾಮಿಯದು, ರೇಷ್ಮೆಗೂಡಿನ ವ್ಯಾಪಾರ. ಫೋನೂ ಮಾಡಿಕೊಟ್ಟ. "ನಿಮ್ ಕಾರು ಸಿಕ್ಕಿದೆ, ಮನೇಲೇ ಇರಿ" ಅಂತ ಮುನಿಶಾಮಿಗೆ ಹೇಳಿ ಇಟ್ಟುಬಿಟ್ಟ.

ಹೀಗೆ ನಾವು ಶಿಡ್ಲಘಟ್ಟಕ್ಕೆ ಹೋಗುವಷ್ಟರಲ್ಲಿ, ಕಳೆಯದೇ ಇದ್ದ ಕಾರಿನ ದಾರಿ ನೋಡುತ್ತ ಆ ಮನೆಯವರೆಲ್ಲ ಬೀದಿಯಲ್ಲಿ ನಿಂತಿದ್ದರು. ಹೊಂಗೆಮರದ ಕೆಳಗೆ ಅವರ ಕೆಂಪು ಕಾರಿತ್ತು. ಕೆಂಪು ಅನ್ನುವುದು ಊಹೆ. ಮೇಲೆಲ್ಲ ಧೂಳು, ಹಕ್ಕಿ ಹಿಕ್ಕೆ, ಒಳಗೆ ಗೂಡಿನ ಕ್ರೇಟುಗಳು, ಬಾಗಿಲ ತುಂಬ ಕ್ರೇಟು ತಾಗಿದ ಗೀರು. ಅದರ ಪಕ್ಕದಲ್ಲಿ ನಮ್ಮ ಕಾರು ನಿಂತಾಗ ಮುನಿಶಾಮಿಯ ಹೆಂಡತಿ ಆಂಜಿನಮ್ಮ ಕೈ ಜೋಡಿಸಿದಳು.

"ಅಯ್ಯೋ ದೇವುಡಾ! ಇದೇ ನಮ್ದು! ತಂದಾಗ ಹಿಂಗೇ ಇತ್ತಲ್ಲ!"

"ಇದು ನಮ್ದಲ್ಲ ಕಣೇ" ಅಂದ ಮುನಿಶಾಮಿ. "ದಿನಾ ಓಡಿಸೋನು ನಾನು, ನಂಗೆ ಗೊತ್ತಾಗಲ್ವಾ?"

"ನಿಂಗೇನು ಗೊತ್ತು? ಛತ್ರದಾಗೆ ಹೋಳಿಗೆ ತಿಂದು ನಿದ್ದೆಗಣ್ಣಲ್ಲಿ ಯಾರ್ದೋ ಗಾಡಿ ಹತ್ಕಂಡು ಬಂದಿದೀಯ. ಅದಕ್ಕೇ ನಾನು ಅಂದ್ಕಂಡೆ, ಯಾಕೆ ಹಿಂಗೆ ಬಡಕಲಾಗೈತೆ ಗಾಡಿ ಅಂತ."

ಇತ್ತ ಯಶೋದಮ್ಮನವರು ಧೂಳಿನ ಕಾರಿನ ಬಾಗಿಲಿಗೆ ಮುಖವಿಟ್ಟು ನಿಂತಿದ್ದರು. ಹೊಸ ಕಣ್ಣಲ್ಲವೇ, ಇಲ್ಲದ್ದೂ ಕಾಣುತ್ತಿತ್ತು.

"ಇಲ್ಲೈತೆ ನೋಡೇ ಶೋಭಾ! ಇದು 'ಯ'... ಇದು 'ಶ'ದ ಬಾಲ... ಏನು ಗತಿ ತಂದವ್ರೆ ನನ್ನ ಹೆಸರಿಗೆ!"

ಚೆನ್ನರಾಯಪ್ಪನವರೂ ಬಗ್ಗಿ ನೋಡಿದರು. "ಹೌದೌದು. ಕೊನೇಗೆ ನಗರಗೆರೆ ಅಂತಲೂ ಐತೆ ಅನ್ಸುತ್ತೆ" ಅಂದರು. ಸಂಸಾರ ಸುಖವಾಗಿ ನಡೆದದ್ದೇ ಹೀಗೆ.

ಹೆಂಗಸರಿಬ್ಬರೂ ಒಪ್ಪಿದಮೇಲೆ ಇನ್ನೇನು? ಆಂಜಿನಮ್ಮ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಜೋಡಿಸಿ ತಂದಳು. ಅದರ ಮೇಲೆ ಅವರ ಕಾರಿನ ಬೀಗದ ಕೈ ಇಟ್ಟಳು. ಯಶೋದಮ್ಮ ಅಳಿಯನ ಕಡೆ ಕೈ ಚಾಚಿ "ಕೊಡಪ್ಪ ಕೀನ" ಅಂದರು. ಅರಿಶಿನ ಕುಂಕುಮ ಹಚ್ಚಿ, ನಿಶ್ಚಿತಾರ್ಥದ ಹಾಗೆ ಕಾರು ಬದಲಾಯಿಸಿಕೊಳ್ಳುವ ಸಿದ್ಧತೆ ನಡೆದಿತ್ತು. ಕನಕರಾಜನ ಕೈ ಜೇಬಿನೊಳಗೆ ಹೋಯಿತು, ಹೊರಗೆ ಬರಲಿಲ್ಲ. ಆಗ ಆಂಜಿನಮ್ಮ ಶುಭಕ್ಕಿರಲಿ ಅಂತ ಒಂದು ಗೂಡಿನ ಕ್ರೇಟು ಎತ್ತಿ ನಮ್ಮ ಕಾರಿನ ಬಾನೆಟ್ ಮೇಲೆ ಇಡಲು ಹೊರಟಳು.

"ಇಡಬೇಡೀ! ವ್ಯಾಕ್ಸ್ ಹಾಕಿದೀನಿ!"

ಮರದ ಮೇಲಿದ್ದ ಕಾಗೆ ಹಾರಿಹೋಯಿತು. ಕನಕರಾಜ್ ಬಾನೆಟ್ಟಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ್ದ. "ಅತ್ತೆ, ಇದೇ ನಮ್ಮ ಕಾರು. ಬದಲಾಗಿಲ್ಲ. ಹೆಸರು ನಾನೇ ಅಳಿಸ್ದೆ" ಅಂದ.

ನಾನು ಉಸಿರು ಬಿಟ್ಟೆ. ಆದರೆ ಸತ್ಯ ತಡವಾಗಿ ಬಂದರೆ ಅದಕ್ಕೆ ಸೀಟು ಸಿಗುವುದಿಲ್ಲ. ಯಶೋದಮ್ಮನವರು ಅಳಿಯನ ಬೆನ್ನು ಸವರಿದರು. "ಬೇಡಪ್ಪ. ಹೊಳೀತೈತೆ ಅಂತ ಬೇರೆಯವರ ವಸ್ತು ಮೇಲೆ ಆಸೆ ಪಡಬಾರ್ದು. ಮಿಷನ್ನಲ್ಲಿ ಹಾಕಿಸಿದ ಹೆಸರು, ಅದನ್ನ ಯಾರಾದ್ರೂ ಅಳಿಸೋಕಾಗ್ತದಾ?"

"ಆಗುತ್ತೆ ಅತ್ತೆ. ತೋರಿಸ್ತೀನಿ."

ಡಿಕ್ಕಿಯಿಂದ ಅವನ ಸಾಮಾನು ಇಳಿಯಿತು. ಮುನಿಶಾಮಿಯ ಕಾರಿನ ಬಾಗಿಲು ತೊಳೆದ, ಒರೆಸಿದ, ಕಾಂಪೌಂಡು ಹಚ್ಚಿ ಉಜ್ಜತೊಡಗಿದ. ಬೀದಿಯ ಜನವೆಲ್ಲ ಸೇರಿದರು. ಬಟ್ಟೆಗೆ ಕೆಂಪು ಹತ್ತಿದ್ದು ನೋಡಿ ಆಂಜಿನಮ್ಮ "ಗಾಡಿಗೆ ರಕ್ತ ಬರ್ತೈತೆ!" ಅಂತ ಕಿರುಚಿದಳು. "ಹಳೇ ಬಣ್ಣದ ಮೇಲ್ಪದರ ಅಮ್ಮ, ಹೆದರಬೇಡಿ" ಅಂತ ಅವನು ಡಾಕ್ಟರ ಹಾಗೆ ಹೇಳಿದ. ಅವನ ಮೊಣಕೈ ಓಡುವ ಚಂದವೇ ಬೇರೆಯಿತ್ತು. 'ಯ' ಹೋಯಿತು. 'ಶ'ದ ಬಾಲ ಹೋಯಿತು. ನಗರಗೆರೆಯೂ ಹೋಯಿತು. ಬಾಗಿಲಲ್ಲಿ ಹೊಂಗೆಮರದ ಎಲೆಗಳು ಕಂಡವು. ಜನ ಚಪ್ಪಾಳೆ ಹೊಡೆದರು.

ಯಶೋದಮ್ಮನವರು ಚಪ್ಪಾಳೆ ಹೊಡೆಯಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದರು.

"ಹಿಂಗೇ ಕೂತ್ಕಂಡು ಉಜ್ಜಿದ್ಯಾ? ನನ್ನ ಹೆಸರನ್ನ?"

"ಹೂಂ ಅತ್ತೆ."

"ಒಂದೊಂದೇ ಅಕ್ಷರ?"

ಅವನು ತಲೆ ತಗ್ಗಿಸಿದ. ಅವರು ಹೋಗಿ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಈಗ ಒರಗಿಕೊಂಡು ಕೂತರು, ತಮ್ಮದೇ ಕಾರು ಅಂತ ಖಾತ್ರಿಯಾಗಿತ್ತಲ್ಲ. ಮುಖ ಮಾತ್ರ ಕಿಟಕಿಯ ಆಚೆಗಿತ್ತು.

ಕನಕರಾಜ್ ಅವರ ಹಿಂದೆ ಓಡಲು ಹೊರಟರೆ ಆಂಜಿನಮ್ಮ ಅಡ್ಡ ಬಂದಳು. "ಒಂದು ಬಾಗಿಲು ಹಿಂಗೆ ಹೊಳೆಯೋವಾಗ ಮಿಕ್ಕಿದ್ದು ನಾಚಿಕೆಗೇಡು ಕಾಣ್ತದೆ. ಮುಗಿಸಿ ಹೋಗಪ್ಪ. ನನ್ನ ಕಾರು ನನಗೆ ಕೊಡ್ತೀನಿ ಅಂತ ಆಸೆ ಹುಟ್ಟಿಸಿದೋರು ನೀವೇ." ಮಧ್ಯಾಹ್ನ ಪೂರ್ತಿ ಅವನು ಆ ಕಾರು ಉಜ್ಜಿದ. ಮುನಿಶಾಮಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಇನ್ಮೇಲೆ ಕ್ರೇಟು ಎಲ್ಲಿ ಹಾಕಲಿ ನಾನು?" ಅಂತ ಕೊರಗುತ್ತಿದ್ದ.

ಸಂಜೆ ವಾಪಸ್ ಹೊರಟೆವು. ಚಿಕ್ಕಬಳ್ಳಾಪುರ ಬಂದಮೇಲೆ ಯಶೋದಮ್ಮ ಬಾಯಿ ತೆಗೆದರು.

"ಶೋಭಾ, ಹೆಸರಿದ್ರೆ ಏನು ಕಷ್ಟ ಆಗಿತ್ತಂತೆ, ಕೇಳು ಅವರನ್ನ."

"ಫ್ಯಾಕ್ಟ್ರೀಲಿ ನಗ್ತಾರೆ ಅತ್ತೆ" ಅಂದ ಕನಕರಾಜ್.

"ಏನಂತ ನಗ್ತಾರಂತೆ, ಕೇಳು."

ಇಲ್ಲಿ ಸುಳ್ಳು ಹೇಳಬಹುದಿತ್ತು. ಬೆಳಗಿನಿಂದ ಹೇಳದ ನಿಜವೆಲ್ಲ ಈಗಲೇ ಅವನ ಬಾಯಿಗೆ ಬರಬೇಕೆ? "ಲಾರಿ ಬಂದಾಗ, 'ಯಶೋದಮ್ಮನ್ನ ಪಕ್ಕಕ್ಕೆ ನಿಲ್ಸಿ' ಅಂತಾರೆ" ಅಂದುಬಿಟ್ಟ. ಚೆನ್ನರಾಯಪ್ಪ ಕಿಸಕ್ಕನೆ ನಕ್ಕರು. ಹೆಂಡತಿ ನೋಡಿದ ನೋಟಕ್ಕೆ ಆ ನಗು ಕೆಮ್ಮಾಯಿತು.

"ನಗ್ಲಿ ಬಿಡು" ಅಂದರು ಯಶೋದಮ್ಮ. ಧ್ವನಿಯಲ್ಲಿ ಜೋರಿರಲಿಲ್ಲ. "ಜಮೀನು ಇವರ ಹೆಸರಲ್ಲೈತೆ. ಮನೆ ಇವರ ಹೆಸರಲ್ಲೈತೆ. ಹಸು ಕೈಲಿ ಒದೆ ತಿಂದೋಳು ನಾನು, ಡೇರಿಯೋರು ಕೂಗ್ತಿದ್ದಿದ್ದು ಚೆನ್ನರಾಯಪ್ಪ ಅಂತ. ನನ್ನ ಹೆಸರಿದ್ದಿದ್ದು ಪಾತ್ರೆ ಮೇಲೆ. ಆಮೇಲೆ ಆ ಬಾಗಿಲ ಮೇಲೆ. ಊರೂರು ತಿರುಗ್ತೈತಲ್ಲ ಅಂತ ಒಂದು ಖುಷಿ ಇತ್ತು."

ಕನಕರಾಜನ ಕಣ್ಣು ತುಂಬಿಕೊಂಡಿತು. ನನ್ನದೂ ತುಂಬಿತ್ತು ಅನ್ನುವುದಕ್ಕೆ ನನಗೆ ನಾಚಿಕೆಯಿಲ್ಲ. "ನಾಳೇನೇ ಅಂಗಡೀಗೆ ಹೋಗಿ ಹೆಸರು ಹಾಕಿಸ್ತೀನಿ ಅತ್ತೆ" ಅಂದ.

"ಬೇಡ ಅಂತ ಹೇಳು ಶೋಭಾ. ಕೇಳಿ ಹಾಕಿಸ್ಕಳ್ಳೋ ಹೆಸರು ನನಗೆ ಬೇಡ."

ಮಾರನೆಯ ದಿನ ಅವರನ್ನು ನಗರಗೆರೆಗೆ ಬಿಡಲು ಹೊರಟಾಗಲೂ ಅತ್ತೆ ಅಳಿಯನೊಡನೆ ಒಂದು ಮಾತೂ ಆಡಿರಲಿಲ್ಲ. ಕನಕರಾಜ್ ಉಪ್ಪಿಟ್ಟು ಮುಟ್ಟಿರಲಿಲ್ಲ. ನನ್ನನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡ. ಊರು ತಲುಪಿ ಅವನು ಸಾಮಾನು ಇಳಿಸಿ ಹೊರಡುವ ಹೊತ್ತಿಗೆ ಒಳಗಿಂದ ಕರೆ ಬಂತು.

"ಇಲ್ಲಿ ಬಾಪ್ಪ."

ನಾನೂ ಹಿಂದೆ ಹೋದೆ. ಯಶೋದಮ್ಮನವರು ಅಟ್ಟದಿಂದ ಒಂದು ದೊಡ್ಡ ಹಿತ್ತಾಳೆ ಕೊಳಗ ಇಳಿಸಿಕೊಂಡು ನಿಂತಿದ್ದರು. ಕಿಲುಬು ಹಿಡಿದು ಕಪ್ಪಗಾಗಿತ್ತು. ಅದರ ಕಂಠದ ಮೇಲೆ ಚುಕ್ಕಿ ಅಕ್ಷರದಲ್ಲಿ 'ಅಮ್ಮಾಜಮ್ಮ' ಅಂತ ಇತ್ತು. ಅಮ್ಮಾಜಮ್ಮ ಅವರ ವಾರಗಿತ್ತಿ, ಚೆನ್ನರಾಯಪ್ಪನವರ ತಮ್ಮನ ಹೆಂಡತಿ, ಎದುರು ಬೀದಿಯಲ್ಲೇ ಮನೆ. ಈ ಕೊಳಗದ ವಿಷಯಕ್ಕೆ ಇಬ್ಬರಿಗೂ ಮಾತು ನಿಂತಿತ್ತು.

"ಯಾವುದೋ ಮದುವೇಲಿ ಬದಲಾಗಿ ಬಂದಿತ್ತು. ನಮ್ಮನೇಲಿಲ್ಲ ಅಂತ ದೇವರ ಮುಂದೆ ಹೇಳ್ಬಿಟ್ಟೆ. ಆಮೇಲೆ ಸಿಕ್ತು. ಕೊಡೋಕೆ ಮುಖ ಇಲ್ಲ" ಅಂದರು ಯಶೋದಮ್ಮ, ಗೋಡೆ ನೋಡುತ್ತ. "ನೀನು ಈ ಹೆಸರು ಅಳಿಸಿ ಹೊಳಪು ಮಾಡ್ಕೊಡು. ಪೇಟೇಲಿ ಹೊಸದು ತಂದೆ ಅಂತ ಕೊಟ್ಬಿಡ್ತೀನಿ."

ಕನಕರಾಜ್ ಕೊಳಗವನ್ನು ತಿರುಗಿಸಿ ನೋಡಿದ. "ಅತ್ತೆ, ಉಜ್ಜಿಕೊಡ್ತೀನಿ. ಹೆಸರು ಅಳಿಸಲ್ಲ. ಯಾರ ಹೆಸರೂ ಅಳಿಸಲ್ಲ ಅಂತ ನಿನ್ನೆ ಆಣೆ ಹಾಕ್ಕೊಂಡೆ."

"ನನ್ನ ಹೆಸರಿಗೆ ಬರದಿದ್ದ ಧರ್ಮ ಅವಳ ಹೆಸರಿಗೆ ಬಂತಾ?"

ಅವನು ಹೆದರಿ ಹೋದ. ಆದರೂ ಕೊಳಗ ಎದೆಗವಚಿಕೊಂಡು ನಿಂತ. ಯಶೋದಮ್ಮನವರು ಪಕ್ಕದಲ್ಲಿದ್ದ ಮಣೆಯನ್ನು ಕಾಲಿನಿಂದ ಅವನ ಕಡೆ ತಳ್ಳಿದರು. "ಸರಿ, ಉಜ್ಜು. ಹೊಳಪು ನೋಡಿಯಾದ್ರೂ ಅವಳು ಬೈಯೋದು ಕಡಿಮೆ ಮಾಡ್ಲಿ" ಅಂದರು.

ಕಾರಿಗೆ ಹಾಕಿದ ಶ್ರದ್ಧೆಯನ್ನೆಲ್ಲ ಅವನು ಆ ಕೊಳಗಕ್ಕೆ ಹಾಕಿದ. ಹುಣಸೆಹಣ್ಣು, ಕಾಂಪೌಂಡು, ಪಾಲಿಶ್. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ಯಶೋದಮ್ಮ ಅದನ್ನು ಸೊಂಟಕ್ಕಿಟ್ಟುಕೊಂಡು ಎದುರು ಬೀದಿಗೆ ನಡೆದರು, ನಾವು ಹಿಂದೆ. ಅಮ್ಮಾಜಮ್ಮ ಬಾಗಿಲಿಗೆ ಬಂದಳು. ಕೊಳಗ ತೆಗೆದುಕೊಂಡು ತಿರುಗಿಸಿದಳು, ಹೆಸರು ಓದಿದಳು, ವಾಪಸ್ ಚಾಚಿದಳು.

"ಇದು ನಮ್ದಲ್ಲ."

"ಹೆಸರೈತಲ್ಲೇ!"

"ಹೆಸರು ಯಾರು ಬೇಕಾದ್ರೂ ಹಾಕಿಸ್ತಾರೆ. ನಮ್ ಕೊಳಗ ತಂದ ದಿನಾನೂ ಇಷ್ಟು ಹೊಳೀತಿರ್ಲಿಲ್ಲ. ಯಾರ್ದನ್ನೋ ತಂದು ನನ್ನ ತಲೆಗೆ ಕಟ್ಬೇಡ ಅಕ್ಕ."

ಯಶೋದಮ್ಮನವರಿಗೆ ರೇಗಿತು. ಹಿಂದೆ ನಿಂತಿದ್ದ ಅಳಿಯನ ರಟ್ಟೆ ಹಿಡಿದು ಮುಂದಕ್ಕೆ ಎಳೆದರು. "ಇವನು ಉಜ್ಜಿರೋದು ಕಣೇ! ನನ್ನ ಅಳಿಯ! ಇವನ ಕೈಗೆ ಬಿದ್ದ ವಸ್ತು ಹೆತ್ತೋರಿಗೂ ಗುರುತು ಸಿಗಲ್ಲ. ನನ್ನ ಕಾರು ನಾನೇ ಗುರುತು ಹಿಡೀದೆ ಶಿಡ್ಲಘಟ್ಟದ ತನಕ ಹೋಗಿ ಬಂದಿದೀನಿ, ನಿನ್ನ ಕೊಳಗ ಯಾವ ಮಹಾ! ನಂಬಿಕೆ ಇಲ್ದಿದ್ರೆ ಇನ್ನೊಂದು ಪಾತ್ರೆ ತಾ, ಇಲ್ಲೇ ಮಾಡಿ ತೋರಿಸ್ತಾನೆ."

ಕನಕರಾಜ್ ಅತ್ತೆಯ ಮುಖ ನೋಡಿದ. ಅವರು ಅವನ ರಟ್ಟೆ ಬಿಟ್ಟಿರಲಿಲ್ಲ.

ಅಮ್ಮಾಜಮ್ಮ ಪರೀಕ್ಷೆಗೆ ಒಂದು ತಂಬಿಗೆ ತಂದಳು. ಅದು ಹೊಳೆದಮೇಲೆ ಹಂಡೆ ತಂದಳು. ಪಕ್ಕದ ಮನೆಯಿಂದ ದೀಪದ ಕಂಬ ಬಂತು, ಅದರ ಪಕ್ಕದ ಮನೆಯಿಂದ ಪರಾತ ಬಂತು. ಕನಕರಾಜ್ ಜಗಲಿಯ ಮೇಲೆ ಕಾಲು ಚಾಚಿ ಕೂತು ಷರ್ಟಿನ ತೋಳು ಮಡಿಸಿದ. ಯಶೋದಮ್ಮ ಎದುರಿಗೆ ಕುರ್ಚಿ ಹಾಕಿಸಿಕೊಂಡು, ಒಂದೊಂದು ಪಾತ್ರೆಯನ್ನೂ ತಿರುಗಿಸಿ, ಯಾರ ಹೆಸರಿದೆ ಅಂತ ಗಟ್ಟಿಯಾಗಿ ಓದಿ, ಅವನ ಕೈಗೆ ಕೊಡುತ್ತಿದ್ದರು. ಕೊಡುವಾಗ ಪ್ರತಿ ಸಲವೂ ಬೆರಳಿಟ್ಟು ತೋರಿಸುತ್ತಿದ್ದರು.

"ಇಲ್ಲಿ ನೋಡ್ಕಂಡು. ಹೆಸರು ಬಿಟ್ಟು ಉಜ್ಜಪ್ಪ."